ಕೂದಲಿಗಿಂತ ಸಣ್ಣ ತಂತಿ

ಟ್ಯಾಕ್ಸಿ ಓಡಿಸುವ ನಿಧಾನಪ್ಪನಿಗೂ ಗ್ಯಾರೇಜಿನ ಮೇಸ್ತ್ರಿಗೂ ಇದ್ದ ನಂಟು ಷಡ್ಡಕತನದ್ದು. ಅಕ್ಕನನ್ನು ಮೇಸ್ತ್ರಿ ಮದುವೆಯಾಗಿದ್ದ, ತಂಗಿಯನ್ನು ನಿಧಾನಪ್ಪ. "ನಾವಿಬ್ರೂ ಒಂದೇ ಬಾವಿಗೆ ಬಿದ್ದವರು ಕಣಯ್ಯಾ. ನಾನು ನಾಲ್ಕು ವರ್ಷ ಮುಂಚೆ ಬಿದ್ದೆ, ಅಷ್ಟೇ. ನೀನು ಮೇಲಿಂದ ಇಣುಕಿ ನೋಡ್ದಾಗ ಕೂಗಿ ಹೇಳ್ಬೇಕಿತ್ತು. ಜೊತೆಗೊಬ್ಬ ಇರ್ಲಿ ಅಂತ ಸುಮ್ಮನಿದ್ದೆ," ಎಂದು ಮೇಸ್ತ್ರಿ ಹೆಂಗಸರ ಎದುರಿಗೇ ಹೇಳಿ ನಗುತ್ತಿದ್ದ. ಅಕ್ಕತಂಗಿಯರು ಇಪ್ಪತ್ತು ವರ್ಷದಿಂದ ಇದನ್ನು ಕೇಳಿ ಕೇಳಿ, ನಗುವುದನ್ನೂ ಬಿಟ್ಟಿದ್ದರು, ಬೈಯುವುದನ್ನೂ ಬಿಟ್ಟಿದ್ದರು.

ನಿಧಾನಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಟ್ಯಾಕ್ಸಿ ಸ್ಟ್ಯಾಂಡಿನವರು ಕಟ್ಟಿದ್ದು. ದೂರದಲ್ಲಿ ಹಳದಿ ದೀಪ ಕಂಡರೂ ಬ್ರೇಕಿನ ಮೇಲೆ ಕಾಲಿಡುವ ಸ್ವಭಾವ ಅವನದು. ಮಾತಿನಲ್ಲೂ ಹಾಗೇ. ಎದುರಿನವರು ಜಗಳ ಮುಗಿಸಿ ಮನೆಗೆ ಹೋದ ಮೇಲೆ ಅವನಿಗೆ ಉತ್ತರ ಹೊಳೆಯುತ್ತಿತ್ತು. ಅವನು ಕೆಲಸ ಮಾಡುತ್ತಿದ್ದ ದಾರದ ಕಾರ್ಖಾನೆ ಬಾಗಿಲು ಹಾಕಿದಾಗ, ಮೂರು ತಿಂಗಳು ಮನೆಯ ಮೂಲೆ ಹಿಡಿದು ಕೂತಿದ್ದವನನ್ನು ರಟ್ಟೆ ಹಿಡಿದು ಎಬ್ಬಿಸಿದವನೇ ಮೇಸ್ತ್ರಿ. ಡ್ರೈವಿಂಗ್ ಕಲಿಸಿದ, ಅಪಘಾತವಾಗಿ ಮೂತಿ ಜಜ್ಜಿಹೋಗಿದ್ದ ಒಂದು ಬಿಳಿ ಕಾರನ್ನು ಎಲ್ಲಿಂದಲೋ ತರಿಸಿದ, ಆರು ಭಾನುವಾರ ಕೂತು ಅದರ ಇಂಜಿನ್ನು ಬಿಚ್ಚಿ ಜೋಡಿಸಿದ. ಹಾಗಾಗಿ ಮೇಸ್ತ್ರಿಯ ಮಾತಿಗೆ ಎದುರಾಡುವುದೆಂದರೆ ನಿಧಾನಪ್ಪನಿಗೆ ತಂದೆಗೆ ಎದುರಾಡಿದ ಹಾಗೆ.

ಮೇಸ್ತ್ರಿಯ ಕೈಗುಣ ಅಂಥದ್ದು. ಹದಿನೈದನೇ ವಯಸ್ಸಿಗೆ ಲಾರಿ ಶೆಡ್ಡಿನಲ್ಲಿ ಸಾಮಾನು ತೊಳೆಯಲು ಸೇರಿದವನು, ಇಪ್ಪತ್ತಾರಕ್ಕೆ ಮರದ ಡಿಪೋದ ಹಿಂದೆ ತಗಡಿನ ಶೆಡ್ಡು ಕೊಂಡು ಸ್ವಂತಕ್ಕೆ ಕೂತ. ಕಣ್ಣು ಕಾಣದ ಜಾಗಕ್ಕೆ ಕೈ ತೂರಿಸಿ, ಬೆರಳ ತುದಿಯಲ್ಲೇ ಬೋಲ್ಟಿನ ಅಳತೆ ಹೇಳುತ್ತಿದ್ದ. ಗಾಡಿಗಳಿಗೆ ಕಂಪ್ಯೂಟರ್ ಬಂದಾಗ ಸುತ್ತಮುತ್ತಲ ಮೆಕ್ಯಾನಿಕ್‌ಗಳೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ಇವನು ಗಾಡಿಯ ದೋಷ ಓದುವ ಸ್ಕ್ಯಾನರ್ ಕೊಂಡು ತಂದು, ಅದರ ಪುಸ್ತಕವನ್ನು ಪದಕ್ಕೆ ಪದ ಓದಿ, ಕೆಂಪು ಗೆರೆ ಎಳೆದು ಕಲಿತ. "ಗಾಡಿ ಬದಲಾದ್ರೆ ಮೆಕ್ಯಾನಿಕ್ಕೂ ಬದಲಾಗ್ಬೇಕು. ಅದಕ್ಕೇನು ಅಳೋದು?" ಎನ್ನುತ್ತಿದ್ದ. ಮಕ್ಕಳಿರಲಿಲ್ಲ. ಆ ಶೆಡ್ಡೇ ಅವನ ಸಂಸಾರ ಎಂದು ಹೆಂಡತಿ ಮೂದಲಿಸುತ್ತಿದ್ದಳು, ಅವನು ಇಲ್ಲವೆನ್ನುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನಿಧಾನಪ್ಪನ ಕಾರು ಏರಿನಲ್ಲಿ ಎಳೆಯುವುದನ್ನು ಬಿಟ್ಟಿತು. ಸಮತಟ್ಟಾದ ರಸ್ತೆಯಲ್ಲಿ ಹೇಗೋ ಓಡುತ್ತಿತ್ತು. ಆದರೆ ದೊಡ್ಡಾಸ್ಪತ್ರೆ ಇದ್ದದ್ದು ಗುಡ್ಡದ ನೆತ್ತಿಯಲ್ಲಿ, ಮತ್ತು ವಾರಕ್ಕೆ ಮೂರು ದಿನ ಪೋಸ್ಟಮ್ಮನನ್ನು ಅಲ್ಲಿಗೆ ಮುಟ್ಟಿಸುವ ಕೆಲಸ ಅವನದು. ಪೋಸ್ಟಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಆಯಸ್ಸೆಲ್ಲ ಮುದ್ರೆ ಒತ್ತಿ ನಿವೃತ್ತಳಾದವಳು. ಎರಡೂ ಮೂತ್ರಪಿಂಡ ಕೈಕೊಟ್ಟು, ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರುತ್ತಿದ್ದಳು. ದೇಹ ಸೋತಿತ್ತು, ನಾಲಿಗೆ ಸೋತಿರಲಿಲ್ಲ. "ನಿನ್ನ ಗಾಡಿಗಿಂತ ನಾನು ಮಂಡಿಯೂರಿ ಹತ್ತಿದ್ರೆ ಬೇಗ ತಲುಪ್ತೀನಿ," ಎಂದಳು ಒಂದು ದಿನ. ಮಾರನೆಯ ಬೆಳಿಗ್ಗೆಯೇ ನಿಧಾನಪ್ಪ ಗಾಡಿಯನ್ನು ಶೆಡ್ಡಿಗೆ ತಂದ.

"ಆಕ್ಸಿಲೇಟರ್ ತುಳಿದ್ರೆ ಮೊದಲು ಯೋಚನೆ ಮಾಡಿ ಆಮೇಲೆ ಹೊರಡುತ್ತಾ?" ಎಂದ ಮೇಸ್ತ್ರಿ.

"ಹೂಂ ಅಣ್ಣ. ನನ್ನ ಥರಾನೇ ಆಗಿದೆ."

"ಹಾಗಾದ್ರೆ ಗಾಳಿ ಸೆನ್ಸರ್ರು."

ಬಾನೆಟ್ ಎತ್ತಿ, ಫಿಲ್ಟರಿನ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ದಪ್ಪ ಕೊಳವೆಯ ಮೇಲೆ ಕೂತಿದ್ದ ಬೆಂಕಿಪೊಟ್ಟಣದಷ್ಟು ಗಾತ್ರದ ಕಪ್ಪು ವಸ್ತುವನ್ನು ತೋರಿಸಿದ. ಅದರೊಳಗೆ ಕೂದಲಿಗಿಂತ ಸಣ್ಣ ತಂತಿಯೊಂದಿದೆಯಂತೆ, ಸದಾ ಬಿಸಿಯಾಗಿರುತ್ತದಂತೆ. ಇಂಜಿನ್ನು ಎಳೆದುಕೊಳ್ಳುವ ಗಾಳಿ ಅದನ್ನು ಸವರಿ ತಣ್ಣಗೆ ಮಾಡುತ್ತಾ ಹೋಗುತ್ತದೆ. ಎಷ್ಟು ತಣ್ಣಗಾಯಿತು ಎಂಬುದನ್ನು ನೋಡಿ, ಇಷ್ಟು ಗಾಳಿ ಬಂತು, ಇದಕ್ಕೆ ಇಷ್ಟು ಪೆಟ್ರೋಲು ಬಿಡು ಎಂದು ಕಂಪ್ಯೂಟರು ತೀರ್ಮಾನಿಸುತ್ತದೆ. "ತಂತಿ ಮೇಲೆ ಧೂಳು ಕೂತ್ರೆ ಅದಕ್ಕೆ ಗಾಳಿ ತಾಗೋದು ಗೊತ್ತಾಗಲ್ಲ. ಕಂಬಳಿ ಹೊದ್ದು ಕೂತವನನ್ನ ಹೊರಗಡೆ ಚಳಿ ಇದೆಯಾ ಅಂತ ಕೇಳಿದ ಹಾಗೆ. ಸ್ಪ್ರೇ ಹೊಡೆದು ತೊಳೆದ್ರೆ ಹತ್ತು ನಿಮಿಷದ ಕೆಲಸ. ಕೈ ಮಾತ್ರ ತಾಗಿಸ್ಬಾರದು."

ಅದನ್ನು ಹಿಡಿದಿದ್ದ ಎರಡು ಸಣ್ಣ ಸ್ಕ್ರೂಗಳನ್ನು ಬಿಚ್ಚಲು ಮೇಸ್ತ್ರಿ ಬಗ್ಗಿದ. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ತಲೆಗೆ ಕೂರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಟಕಟಕಟಕ ಎಂದು ಕುಟ್ಟಿತು. ಮೇಸ್ತ್ರಿ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಮತ್ತೆ ಟಕಟಕ. ನಿಧಾನಪ್ಪ ನೋಡುತ್ತಲೇ ಇದ್ದ, ಏನು ನೋಡುತ್ತಿದ್ದೇನೆಂಬುದು ಅವನ ತಲೆಗೆ ಹೋಗಲಿಲ್ಲ.

"ಬೆಳಿಗ್ಗೆಯಿಂದ ಚಾ ಕುಡಿದಿಲ್ಲ. ಹೋಗಿ ತಗೊಂಬಾ," ಎಂದ ಮೇಸ್ತ್ರಿ ತಲೆ ಎತ್ತದೆ.

ಚಾ ಹಿಡಿದು ವಾಪಸು ಬಂದಾಗ ಸೆನ್ಸರ್ ಇದ್ದ ಜಾಗ ಬಾಯಿ ಬಿಟ್ಟುಕೊಂಡಿತ್ತು. ಮೇಸ್ತ್ರಿ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟು ಬೆಂಚಿಗೆ ಒರಗಿ ನಿಂತಿದ್ದ. ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡ.

"ಅದರ ಆಯಸ್ಸು ಮುಗೀತು ಕಣಯ್ಯಾ. ತೊಳೆದು ಪ್ರಯೋಜನ ಇಲ್ಲ. ಒಂದು ಕೆಲಸ ಮಾಡೋಣ. ದೊಡ್ಡ ಇಂಜಿನ್ ಗಾಡೀದು ದೊಡ್ಡ ಸೆನ್ಸರ್ ಹಾಕೋಣ, ಕೊಳವೆ ಸಮೇತ. ಗಾಳಿ ಜಾಸ್ತಿ, ಶಕ್ತಿ ಜಾಸ್ತಿ. ಗುಡ್ಡ ಹತ್ತೋದಿರಲಿ, ಹಾರ್ತೀಯಾ."

"ಇದಕ್ಕೆ ಹೊಂದುತ್ತಾ ಅಣ್ಣ?"

"ಹೊಂದಿಸೋದು ಯಾರು? ನಾನೋ ನೀನೋ?"

ಅಲ್ಲಿಗೆ ಮಾತು ಮುಗಿಯಿತು. ಎರಡು ದಿನದಲ್ಲಿ ಗುಜರಿಯಿಂದ ದೊಡ್ಡ ಸೆನ್ಸರ್ ಬಂತು. ಕೊಳವೆ ಕೊಯ್ದು, ರಬ್ಬರ್ ಜೋಡಿಸಿ, ಪಟ್ಟಿ ಬಿಗಿದು ಕೂರಿಸಿದ. ಅದು ಒರಟು ಕೆಲಸ. ಕೈಯನ್ನು ಕಬ್ಬಿಣಕ್ಕೆ ಊರಿ ಮಾಡಬಹುದಾದದ್ದು, ಆದ್ದರಿಂದ ಚೆನ್ನಾಗಿಯೇ ಆಯಿತು. ಎಷ್ಟಾಯಿತು ಎಂದು ನಿಧಾನಪ್ಪ ಕೇಳಿದಾಗ ಮೇಸ್ತ್ರಿ ರೇಗಿದ. "ನನ್ನ ಕಡೆಯಿಂದ ಅಂದ್ಕೋ. ಬಾಯಿ ಮುಚ್ಚಿಕೊಂಡು ಓಡಿಸು."

ಮೊದಲ ದಿನ ಗಾಡಿ ಹಾರಿತು ಎಂದೇ ನಿಧಾನಪ್ಪನಿಗೆ ಅನಿಸಿತು. ಮೇಸ್ತ್ರಿ ಹಾರುತ್ತದೆ ಎಂದ ಮೇಲೆ ಹಾರಲೇಬೇಕಲ್ಲ. ಎರಡನೆಯ ದಿನ ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ನು ಚಳಿಜ್ವರ ಬಂದಂತೆ ನಡುಗಿತು. ಮೂರನೆಯ ದಿನ ನಿಂತಲ್ಲೇ ಆರಿಹೋಯಿತು. ಮತ್ತೆ ಹಚ್ಚಿದರೆ ಗುರ್ರ್ ಎಂದು ಏರಿ ತುಸ್ಸೆಂದು ಇಳಿಯುತ್ತಿತ್ತು. ಹಿಂದಿನವರ ಹಾರ್ನು, ಸೀಟಿನಲ್ಲಿ ಕೂತವರ ಲೊಚಗುಟ್ಟುವಿಕೆ. ವಿಮಾನ ಹಿಡಿಯಬೇಕಿದ್ದ ಒಬ್ಬ ಪುಣ್ಯಾತ್ಮ ಅರ್ಧ ದಾರಿಯಲ್ಲಿ ಇಳಿದು, ಬಾಗಿಲನ್ನು ಧಡಾರನೆ ಬಡಿದು ಬೇರೆ ಗಾಡಿ ಹತ್ತಿದ.

ಮೇಸ್ತ್ರಿಯ ಬಳಿ ಪ್ರತಿ ಸಲಕ್ಕೂ ಒಂದೊಂದು ಕಾರಣವಿತ್ತು. ಮೊದಲ ಸಲ ಪೆಟ್ರೋಲು ಸರಿಯಿಲ್ಲ ಎಂದ. ಎರಡನೆಯ ಸಲ ಪ್ಲಗ್ಗು ಬದಲಿಸಿದ. ಮೂರನೆಯ ಸಲ, "ಹೊಸ ಸೊಸೆ ಬಂದ ಹಾಗೆ ಕಣಯ್ಯಾ, ಮನೆಗೆ ಒಗ್ಗೋಕೆ ಸ್ವಲ್ಪ ದಿನ ಬೇಕು," ಎಂದ. ನಾಲ್ಕನೆಯ ಸಲ ಬಾನೆಟ್ಟಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಇಂಜಿನ್ನನ್ನೇ ನೋಡುತ್ತಾ ನಿಂತ. ಆ ಕಿವಿಗೆ ಗೊತ್ತಾಗದೆ ಇರುತ್ತದೆಯೇ? ಇಂಜಿನ್ನು ಏನೆನ್ನುತ್ತಿದೆ ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಅದು ನಿಧಾನಪ್ಪನಿಗೆ ತಿಳಿದದ್ದು ಬಹಳ ದಿನವಾದ ಮೇಲೆ.

"ಬಾಯಿ ಬಿಟ್ಟು ಹೇಳ್ರೀ ಭಾವಂಗೆ," ಎಂದಳು ಹೆಂಡತಿ. "ಹಳೇದೇ ಹಾಕಿಕೊಡಿ ಅನ್ನಿ. ಅದರಲ್ಲಿ ತಪ್ಪೇನಿದೆ?"

"ಹೇಗೆ ಹೇಳ್ಲಿ? ಕೈಯಲ್ಲಿ ಏನೂ ಇಲ್ಲದಾಗ ಬದುಕು ಕಟ್ಟಿಕೊಟ್ಟವರು."

"ಹಾಗಂತ ದಿನಾ ರಸ್ತೆ ಮಧ್ಯೆ ನಿಂತ್ಕೋತೀರಾ? ನೀವು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ."

"ನೀನು ಮಾತ್ರ ಹೇಳ್ಬೇಡ," ಎಂದು ಅವನು ಕೈ ಮುಗಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಉಪಾಯ ಅವನಿಗೆ ಯಾವ ಕಾಲಕ್ಕೂ ಹೊಳೆದದ್ದಿಲ್ಲ.

ಕೊನೆಗೆ ಗುಡ್ಡದ ತಿರುವಿನಲ್ಲೇ ಗಾಡಿ ಕೈಕೊಟ್ಟಿತು. ಬೆಳಿಗ್ಗೆ ಒಂಬತ್ತೂವರೆ, ಬಿಸಿಲು ಏರುತ್ತಿತ್ತು. ಹಿಂದಿನ ಸೀಟಿನಲ್ಲಿ ಪೋಸ್ಟಮ್ಮ. ಇಂಜಿನ್ನು ಒಂದು ಸಲ ಕೆಮ್ಮಿ ನಿಂತಿತು, ಗಾಡಿ ಹಿಂದಕ್ಕೆ ಜಾರಿತು, ನಿಧಾನಪ್ಪ ಕೈಬ್ರೇಕು ಎಳೆದು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಹಚ್ಚಿದ, ಆರಿತು. ಹಚ್ಚಿದ, ಆರಿತು. ಹತ್ತನೆಯ ಸಲಕ್ಕೆ ಬ್ಯಾಟರಿಯೂ ಸುಸ್ತಾಯಿತು.

"ಹತ್ತು ಗಂಟೆಗೆ ನಾನಿಲ್ಲದಿದ್ರೆ ನನ್ನ ಹಾಸಿಗೆ ಬೇರೆಯವರಿಗೆ ಕೊಡ್ತಾರೆ," ಎಂದಳು ಪೋಸ್ಟಮ್ಮ. ಅವತ್ತು ದನಿಯಲ್ಲಿ ಖಾರವಿರಲಿಲ್ಲ. ಹಿಂದಿನ ಸರದಿ ತಪ್ಪಿತ್ತು, ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತುಹೋಗಿತ್ತು. ಉಸಿರು ಮೇಲಿಂದ ಮೇಲೆ ಬರುತ್ತಿತ್ತು.

ನಿಧಾನಪ್ಪ ರಸ್ತೆಯ ಮಧ್ಯಕ್ಕೆ ಓಡಿ ಎರಡೂ ಕೈ ಬೀಸಿದ. ಒಂದು ಕಾರು ಸುತ್ತಿಕೊಂಡು ಹೋಯಿತು. ಇನ್ನೊಂದರವನು ಗಾಜು ಇಳಿಸಿ ಬೈದು ಹೋದ. ಕಡೆಗೆ ಹಾಲಿನ ವ್ಯಾನು ನಿಂತಿತು. ಕ್ರೇಟುಗಳ ಪಕ್ಕದಲ್ಲಿ ಪೋಸ್ಟಮ್ಮನನ್ನು ಎತ್ತಿ ಕೂರಿಸುವಾಗ ಆಕೆ ಹಗುರವಾಗಿರುತ್ತಾಳೆ ಎಂದುಕೊಂಡಿದ್ದ. ಹಗುರವಾಗಿರಲಿಲ್ಲ, ಒಳಗೆಲ್ಲ ನೀರು ತುಂಬಿತ್ತು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಅವನು ಅದೇ ಕಲ್ಲಿನ ಪಕ್ಕ ಕುಕ್ಕರಿಸಿದ. ಅವತ್ತು ಜೀವನದಲ್ಲಿ ಮೊದಲ ಸಲ ಅವನಿಗೆ ಮೇಸ್ತ್ರಿಯ ಮೇಲೆ ಕೋಪ ನೆತ್ತಿಗೇರಿತು. ಹೋಗಿ ಹೇಳಿಯೇ ಬಿಡುತ್ತೇನೆ ಎಂದು, ಹೇಳಬೇಕಾದ ಮಾತನ್ನು ಎರಡೆರಡು ಸಲ ಬಾಯಿಪಾಠ ಮಾಡಿಕೊಂಡ.

ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿ ಮನೆ ಮುಂದೆ ನಿಲ್ಲಿಸಿ, ಮಧ್ಯಾಹ್ನ ಮೇಸ್ತ್ರಿಯ ಮನೆಗೆ ನಡೆದೇ ಹೋದ. ಮೇಸ್ತ್ರಿ ಇರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಅತ್ತಿಗೆ ಬಟ್ಟೆ ಒಗೆಯುತ್ತಿದ್ದಳು. ಇವನ ಮುಖ ನೋಡಿ ಏನಾಯಿತೆಂದು ಕೇಳಲಿಲ್ಲ. ಸೋಪಿನ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ, ಮಡಿಸಿದ ಕರವಸ್ತ್ರವೊಂದನ್ನು ತಂದು ಅವನ ಮುಂದೆ ಬಿಚ್ಚಿದಳು.

"ಇದೇನು ಅಂತ ನಿಮಗಾದ್ರೂ ಗೊತ್ತಾ? ಇಪ್ಪತ್ತು ದಿನದಿಂದ ಜೇಬಲ್ಲಿಟ್ಕೊಂಡು ಓಡಾಡ್ತಿದಾರೆ. ಪ್ಯಾಂಟು ಬದಲಾದ್ರೂ ಇದು ಮಾತ್ರ ಜೇಬಿಂದ ಜೇಬಿಗೆ ಹೋಗುತ್ತೆ. ಇವತ್ತು ಮರೆತು ಹೋಗಿದಾರೆ."

ಅವನ ಕಾರಿನದೇ ಹಳೆಯ ಸೆನ್ಸರ್. ನಿಧಾನಪ್ಪ ಅದನ್ನು ಬೆಳಕಿಗೆ ಹಿಡಿದ. ಒಳಗೆ ಎರಡು ಸಣ್ಣ ಕಡ್ಡಿಗಳ ನಡುವೆ ಇರಬೇಕಿದ್ದ ತಂತಿ ತುಂಡಾಗಿ, ಒಂದು ತುದಿ ಗಾಳಿಗೆ ಅಲ್ಲಾಡುತ್ತಿತ್ತು. ಹೊರಗಡೆ ಸ್ಕ್ರೂ ಕೂರುವ ಪ್ಲಾಸ್ಟಿಕ್ಕಿನ ಮೇಲೆ ಸ್ಕ್ರೂಡ್ರೈವರಿನ ತುದಿ ಗೀರಿದ ಗುರುತು, ಒಂದಲ್ಲ, ಏಳೆಂಟು.

"ಅತ್ತಿಗೆ, ಅಣ್ಣನ ಕೈ..."

"ಒಂದು ವರ್ಷ ಆಯ್ತು," ಎಂದಳು ಅವಳು. ಒದ್ದೆ ಬಟ್ಟೆಯೊಂದನ್ನು ಎತ್ತಿಕೊಂಡು ಹಿಂಡುತ್ತಾ, ಹಿಂಡಿದ್ದನ್ನೇ ಮತ್ತೆ ಹಿಂಡುತ್ತಾ ಹೇಳಿದಳು. "ಲೋಟಕ್ಕೆ ಅರ್ಧ ಚಾ ಹಾಕ್ತೀನಿ, ತುಂಬ ಹಾಕಿದ್ರೆ ಚೆಲ್ಲುತ್ತೆ. ಅರ್ಧ ಯಾಕೆ ಅಂತ ಅವರು ಕೇಳಲ್ಲ, ನಾನು ಹೇಳಲ್ಲ. ಅಂಗಿ ಗುಂಡಿ ಹಾಕಿಕೊಳ್ಳೋಕೆ ಬಾಗಿಲು ಹಾಕ್ಕೋತಾರೆ. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ಎರಡು ದಿನ ಮಾತು ಬಿಡ್ತಾರೆ. ನಿಮಗೆ ಗೊತ್ತಾಯ್ತು ಅಂತ ಅವರಿಗೆ ಗೊತ್ತಾಗೋದು ಬೇಡ. ದಮ್ಮಯ್ಯ."

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳು ಎಲ್ಲಿ ಹೋದವೋ. ನಿಧಾನಪ್ಪ ಸೆನ್ಸರನ್ನು ಅದೇ ಮಡಿಕೆಯಲ್ಲಿ ಸುತ್ತಿ ಅತ್ತಿಗೆಯ ಕೈಗೆ ಕೊಟ್ಟು, "ಅವರ ಜೇಬಲ್ಲೇ ಇಟ್ಬಿಡಿ," ಎಂದು ಎದ್ದು ಬಂದ.

ಮರುದಿನ ಅವನು ಮಾಡಿದ್ದನ್ನು ಕಳ್ಳತನ ಎಂದೇ ಅವನು ಕರೆಯುತ್ತಿದ್ದ. ಊರಿನ ಇನ್ನೊಂದು ತುದಿಯಲ್ಲಿ, ಗುರುತಿನವರು ಯಾರೂ ಸುಳಿಯದ ಕಡೆ, ಒಬ್ಬ ಹೆಂಗಸು ನಡೆಸುವ ವರ್ಕ್‌ಶಾಪಿಗೆ ಗಾಡಿಯನ್ನು ಎಳೆಸಿಕೊಂಡು ಹೋದ. ಅವಳು ಲ್ಯಾಪ್‌ಟಾಪಿನ ತಂತಿ ಚುಚ್ಚಿ, ಇಂಜಿನ್ನು ಹಚ್ಚಿಸಿ, ಅಂಕಿಗಳನ್ನು ನೋಡಿ ಹುಬ್ಬೇರಿಸಿದಳು.

"ಯಾರು ಹಾಕಿದ್ದು ಇದನ್ನ? ಜೋಡಣೆ ಏನೋ ಅಚ್ಚುಕಟ್ಟಾಗಿದೆ. ಆದ್ರೆ ಕೊಳವೆ ಅಗಲ ಆದ್ರೆ ಗಾಳಿ ಮೆಲ್ಲಗೆ ಹೋಗುತ್ತೆ. ತಂತಿಗೆ ಗಾಳಿ ಕಡಿಮೆ ಬಂತು ಅಂತ ಅನ್ಸುತ್ತೆ, ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಬಿಡುತ್ತೆ. ನಿಮ್ಮ ಇಂಜಿನ್ನು ಉಪವಾಸ ಇದೆ. ದೊಡ್ಡ ಸೆನ್ಸರ್ ಹಾಕೋದೇ ಆದ್ರೆ ಕಂಪ್ಯೂಟರಿಗೂ ಹೊಸ ಪಾಠ ಹೇಳ್ಕೊಡ್ಬೇಕು. ಇಷ್ಟು ಹಳೇ ಗಾಡಿಗೆ ಅದನ್ನ ಬರೆಯೋರು ಯಾರೂ ಇಲ್ಲ. ಇದು ಗೊತ್ತಿಲ್ಲದವರು ಮಾಡಿರೋ ಕೆಲಸ."

"ಗೊತ್ತಿಲ್ಲದವರಲ್ಲಮ್ಮ," ಎಂದ ನಿಧಾನಪ್ಪ.

ಮೊದಲಿನ ಅಳತೆಯದೇ ಸೆನ್ಸರ್, ಮೊದಲಿನಂಥದೇ ಕೊಳವೆ ಹಾಕಿಸಿದ. ಗಾಡಿ ಸರಿಹೋಯಿತು. ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿತು. ಪೋಸ್ಟಮ್ಮ ಮತ್ತೆ ಬೈಯತೊಡಗಿದಳು, ಅವಳ ಆರೋಗ್ಯ ಸುಧಾರಿಸಿದ್ದಕ್ಕೆ ಅದೇ ಸಾಕ್ಷಿ. ಆದರೆ ಆ ಗಾಡಿಯನ್ನು ಓಡಿಸುವುದು ನಿಧಾನಪ್ಪನಿಗೆ ಒಗ್ಗಲಿಲ್ಲ. ಮರದ ಡಿಪೋದ ರಸ್ತೆಯನ್ನೇ ಬಿಟ್ಟು, ಎರಡು ಮೈಲಿ ಸುತ್ತಿಕೊಂಡು ಹೋಗುತ್ತಿದ್ದ. ಹದಿನೈದು ದಿನ ಹೀಗೆ ತಪ್ಪಿಸಿಕೊಂಡ. ಹದಿನಾರನೆಯ ದಿನ ಸಂಜೆ, ಹೆಂಡತಿಯನ್ನು ಅವಳ ಅಕ್ಕನ ಮನೆಯಿಂದ ಕರೆತರಲು ಹೋದಾಗ, ಮೇಸ್ತ್ರಿ ಗೇಟಿನಲ್ಲೇ ನಿಂತಿದ್ದ.

"ಆರಿಸಬೇಡ," ಎಂದ.

ಇಂಜಿನ್ನು ಓಡುತ್ತಲೇ ಇತ್ತು. ಮೇಸ್ತ್ರಿ ಬಾನೆಟ್ ಎತ್ತಲಿಲ್ಲ. ಕಣ್ಣು ಮುಚ್ಚಿ, ಅದರ ಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಂತ. ಕೈ ಅದುರುತ್ತಿತ್ತು. ಗಾಡಿಯ ಅದುರಿಗೂ ಕೈಯ ಅದುರಿಗೂ ತಾಳ ಕೂಡುತ್ತಿರಲಿಲ್ಲ.

"ಹಳೇ ಅಳತೇದೇ ಹಾಕಿದಾರೆ. ಚೆನ್ನಾಗಿ ಹಾಕಿದಾರೆ. ಯಾರು?"

ನಿಧಾನಪ್ಪ ಸ್ಟೇರಿಂಗಿನಿಂದ ಕೈ ತೆಗೆದ. "ತಪ್ಪಾಯ್ತು ಅಣ್ಣ," ಎಂದ.

"ನಿಂದೇನಯ್ಯಾ ತಪ್ಪು?" ಮೇಸ್ತ್ರಿ ಬಂದು ಪಕ್ಕದ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡ. "ಸ್ಪ್ರೇ ಹೊಡೆದು ತೊಳೆದೆ. ಚೊಕ್ಕ ಆಗಿತ್ತು. ವಾಪಸ್ ಕೂರಿಸೋವಾಗ ಕೈ ಹಾರಿ ಕೊಳವೆ ಅಂಚಿಗೆ ಬಡೀತು. ಒಂದೇ ಸಲ. ಒಳಗಡೆ ಟಿಣ್ ಅಂತು, ಅಷ್ಟು ಸಣ್ಣ ಸದ್ದು. ನೀನು ಚಾ ಹಿಡ್ಕೊಂಡು ಬರ್ತಿದ್ದೆ. ಕೈ ಹಾರ್ತು ಅಂತ ಹೇಳ್ಬೇಕಿತ್ತು. ಬಾಯಲ್ಲಿ ದೊಡ್ಡದು ಹಾಕೋಣ ಅಂತ ಬಂತು. ಅದು ಹೊಂದಲ್ಲ ಅಂತ ಹಾಕೋವಾಗ್ಲೇ ನಂಗೊತ್ತಿತ್ತು. ನೀನು ಬಂದು ಬೈತೀಯಾ ಅಂತ ದಿನಾ ಕಾಯ್ತಿದ್ದೆ. ನೀನು ಬೈಲೇ ಇಲ್ಲ. ಪ್ಲಗ್ಗು ಬದಲಾಯಿಸ್ಕೊಂಡು ಥ್ಯಾಂಕ್ಸ್ ಅಣ್ಣ ಅಂತ ಹೋದೆ."

ನಿಧಾನಪ್ಪನಿಗೆ ಪೋಸ್ಟಮ್ಮನ ಸಂಗತಿ ಹೇಳಬೇಕೆನಿಸಿತು. ಹೇಳಲಿಲ್ಲ. ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ.

ಮೇಸ್ತ್ರಿಯನ್ನು ಆಸ್ಪತ್ರೆಗೆ ನಿಧಾನಪ್ಪನೇ ಕರೆದುಕೊಂಡು ಹೋದ, ಈ ಸಲ ಅವನು ಬೇಡವೆನ್ನಲಿಲ್ಲ. ಡಾಕ್ಟರು ಮೇಸ್ತ್ರಿಯನ್ನು ನಡೆಸಿ ನೋಡಿದರು, ಬೆರಳು ಬಡಿಯಲು ಹೇಳಿದರು, ಕಾಗದದ ಮೇಲೆ ಸುರುಳಿ ಗೆರೆ ಎಳೆಸಿದರು. ನರಕ್ಕೆ ಸಂಬಂಧಪಟ್ಟದ್ದು, ಮಾತ್ರೆಯಿಂದ ಹಿಡಿತಕ್ಕೆ ಬರುತ್ತದೆ, ಗುಣವಾಗುವುದಿಲ್ಲ, ಮೆಲ್ಲಗೆ ಮುಂದುವರಿಯುತ್ತದೆ ಎಂದರು. "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದಾಗ ಮೇಸ್ತ್ರಿ ಬಲಗೈಯನ್ನು ಜೇಬಿಗೆ ಇಳಿಸಿದ. ನಿಧಾನಪ್ಪ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟು, "ಓಹ್," ಎಂದರು.

ಆಮೇಲೆ ಸ್ವಲ್ಪ ದಿನ ನಿಧಾನಪ್ಪನಿಗೆ ಒಂದು ಹುಚ್ಚು ಹಿಡಿಯಿತು. ತಲೆ ಅಣ್ಣನದು, ಕೈ ನನ್ನದು, ಇಬ್ಬರೂ ಸೇರಿ ಶೆಡ್ಡು ನಡೆಸೋಣ ಎಂದುಕೊಂಡ. ಬೆಳಗಿನ ಬಾಡಿಗೆ ಬಿಟ್ಟು ಶೆಡ್ಡಿಗೆ ಹೋಗತೊಡಗಿದ. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದ, ಇವನು ಮಾಡುತ್ತಿದ್ದ. ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸಿದ. ಬಿಗಿ ಎಂದರೆ ಬೋಲ್ಟನ್ನೇ ಮುರಿದ. ಯಾರದ್ದೋ ಗಾಡಿಯ ಇಂಜಿನ್ ಎಣ್ಣೆ ಇಳಿಸಲು ಹೋಗಿ ಗೇರ್‌ಬಾಕ್ಸಿನ ಎಣ್ಣೆ ಇಳಿಸಿದ. "ಬಿಡಯ್ಯಾ, ನನ್ನ ಕೈ ನಡುಗಿದ್ರೂ ನಿನ್ನ ಕೈಗಿಂತ ವಾಸಿ," ಎಂದು ಮೇಸ್ತ್ರಿ ನಗಾಡಿದ. ನಗುತ್ತಲೇ ಸ್ಪ್ಯಾನರು ಕಿತ್ತುಕೊಂಡು ತಾನೇ ಬಗ್ಗಿದ. ಅದು ಕೈಯಿಂದ ಜಾರಿ ಇಂಜಿನ್ನಿನ ಸಂದಿಯಲ್ಲಿ ಎಲ್ಲೋ ಬಿತ್ತು. ಇಬ್ಬರೂ ಅರ್ಧ ಗಂಟೆ ಹುಡುಕಿದರು. ಸಿಗಲಿಲ್ಲ. ಮಾರನೆಯ ವಾರ ಮೇಸ್ತ್ರಿಯೇ ಶೆಡ್ಡು ಮಾರುವ ಮಾತೆತ್ತಿದ. ಬೇಡ ಎನ್ನಲು ನಿಧಾನಪ್ಪನ ಬಳಿ ಯಾವ ಕಾರಣವೂ ಇರಲಿಲ್ಲ.

ಕೊಂಡವನು ಟಯರ್ ವ್ಯಾಪಾರಿ. ಒಳ್ಳೆಯ ಮನುಷ್ಯ, ಅವಸರ ಮಾಡಲಿಲ್ಲ. ನೋಂದಣಿ ಕಚೇರಿಯ ಕೌಂಟರಿನಲ್ಲಿ ಗುಮಾಸ್ತ ಹಳೆಯ ಪತ್ರವನ್ನು ಪಕ್ಕದಲ್ಲಿಟ್ಟು, ಹೊಸದರ ಮೇಲೆ ಬೆರಳಿಟ್ಟು, "ಇಲ್ಲಿ ಸಹಿ," ಎಂದ. ಹಳೆಯ ಪತ್ರದಲ್ಲಿ ಮೇಸ್ತ್ರಿಯ ಸಹಿ ಬಳ್ಳಿಯ ಹಾಗೆ ಬಾಲ ಎಳೆದುಕೊಂಡು ನಿಂತಿತ್ತು. ಹೊಸದರ ಮೇಲೆ ಮೂಡಿದ್ದು ಇರುವೆ ಮಸಿಯಲ್ಲಿ ಅದ್ದಿ ಓಡಿದ ಹಾಗೆ. ಗುಮಾಸ್ತ ಎರಡನ್ನೂ ನೋಡಿ, "ಆತುರ ಇಲ್ಲ, ಇನ್ನೊಂದ್ಸಲ ಹಾಕಿ," ಎಂದ. ಎರಡನೆಯದು ಇನ್ನೂ ಸಣ್ಣದಾಯಿತು. ನಾಲ್ಕನೆಯ ಸಲಕ್ಕೆ ಹಿಂದಿನ ಸಾಲಿನವರೆಲ್ಲ ಮಾತು ನಿಲ್ಲಿಸಿದ್ದರು. ಮೇಸ್ತ್ರಿಯ ಕುತ್ತಿಗೆಯಿಂದ ಬೆವರು ಇಳಿದು ಕಾಲರು ಒದ್ದೆಯಾಗಿತ್ತು.

"ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ," ಎಂದ ಗುಮಾಸ್ತ ಮೆತ್ತಗೆ.

"ನಾನು ಓದಿದವನು ಸಾರ್," ಎಂದ ಮೇಸ್ತ್ರಿ.

"ಗೊತ್ತು. ಕಾನೂನಿಗೆ ಎರಡೂ ಒಂದೇ."

ಹೆಬ್ಬೆರಳು ಮಸಿಯಲ್ಲಿ ಅದ್ದಿ ಒತ್ತಿದರೆ ಕಾಗದದ ಮೇಲೆ ಬರೀ ಮಸಿ ಬಳಿದಂತಾಯಿತು. ನಡುಗಿ ಜಾರಿದ್ದು ಒಂದು ಕಾರಣ. ಅದಕ್ಕಿಂತ ಹೆಚ್ಚಾಗಿ, ನಲವತ್ತು ವರ್ಷ ಕಬ್ಬಿಣ, ಗ್ರೀಸು, ಪೆಟ್ರೋಲುಗಳಲ್ಲಿ ತಿಕ್ಕಿ ಆ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಗುಮಾಸ್ತ ನಿಧಾನಪ್ಪನ ಕಡೆ ನೋಡಿ, "ಸ್ವಲ್ಪ ಹಿಡ್ಕೊಳ್ಳಿ," ಎಂದು, ಮುಖವನ್ನು ಫೈಲಿನ ಕಡೆಗೆ ತಿರುಗಿಸಿಕೊಂಡ.

ನಿಧಾನಪ್ಪ ಎರಡೂ ಕೈಯಿಂದ ಮೇಸ್ತ್ರಿಯ ಮಣಿಕಟ್ಟು ಹಿಡಿದ. ಒಳಗೆ ಏನೋ ಓಡುತ್ತಲೇ ಇತ್ತು, ಎಷ್ಟು ಅದುಮಿದರೂ ನಿಲ್ಲುತ್ತಿರಲಿಲ್ಲ. ಅವನ ಮೊಣಕೈವರೆಗೂ ಅದು ತಾಗುತ್ತಿತ್ತು. ತನ್ನ ಇಡೀ ಭಾರ ಹಾಕಿ ಆ ಹೆಬ್ಬೆರಳನ್ನು ಕಾಗದಕ್ಕೆ ಒತ್ತಿದ. ಮೇಸ್ತ್ರಿ ಕೈಯ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ನಿಂತಿದ್ದ. "ಸಾಕು, ಬಂತು," ಎಂದ ಗುಮಾಸ್ತ.

ಈಗ ಮೇಸ್ತ್ರಿ ಮನೆಯಲ್ಲೇ ಇರುತ್ತಾನೆ. ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸುವ ದಿನ ಪೋಸ್ಟಮ್ಮನ ಜೊತೆಗೇ ಕಾರಿನಲ್ಲಿ ಹೊರಡುತ್ತಾನೆ. ಮುಂದಿನ ಸೀಟಿನಲ್ಲಿ ಅವನು, ಹಿಂದೆ ಅವಳು, ದಾರಿಯುದ್ದಕ್ಕೂ ಇಬ್ಬರ ವಾಗ್ವಾದ. ಹೋದ ತಿಂಗಳು ಪೋಸ್ಟಮ್ಮನನ್ನು ಇಳಿಸಿ ಗಾಲಿಕುರ್ಚಿಯಲ್ಲಿ ಒಳಗೆ ಕಳಿಸಿದ ಮೇಲೆ, ಮೇಸ್ತ್ರಿ ಇಳಿಯದೆ ಹಾಗೇ ಕೂತಿದ್ದ.

"ಎಡಗೈಗೂ ಶುರುವಾಗಿದೆ ಕಣಯ್ಯಾ," ಎಂದ. "ನಾಲ್ಕು ದಿನ ಆಯ್ತು. ನಿಮ್ಮ ಅತ್ತಿಗೆಗೆ ಹೇಳ್ಬೇಡ. ಪಾಪ, ಹೆದರ್ತಾಳೆ."

ನಿಧಾನಪ್ಪ ಸ್ಟೇರಿಂಗನ್ನೇ ನೋಡುತ್ತಿದ್ದ. ಅದೇ ಬೆಳಿಗ್ಗೆ, ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ, ಅತ್ತಿಗೆ ಕಾರಿನ ಕಿಟಕಿಗೆ ಬಗ್ಗಿ ಪಿಸುಗುಟ್ಟಿದ್ದಳು. ಎಡಗೈಯೂ ನಡುಗುತ್ತಿದೆ, ಒಂದು ತಿಂಗಳಿಂದ ನೋಡುತ್ತಿದ್ದೇನೆ, ನಾನು ನೋಡಿದೆ ಎಂದು ಅವರಿಗೆ ಹೇಳಬೇಡಿ ಎಂದಿದ್ದಳು.

"ಇಲ್ಲ ಅಣ್ಣ, ಹೇಳಲ್ಲ," ಎಂದ ನಿಧಾನಪ್ಪ. ಇಳಿದು, ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದ.